ಸತ್ತೆವ್ವನ ಲೆಕ್ಕ

14 ಸೆಪ್ಟೆಂಬರ್ 1991, ಶನಿವಾರ

ಹಾಜರಿ ಮೂವತ್ತೊಂದಕ್ಕೆ ಇಪ್ಪತ್ತೊಂಬತ್ತು. ಬೆಳಗಿನ ಶಾಲೆ. ಮಧ್ಯಾಹ್ನದೊಳಗೆ ಬಸ್ಸು ಹಿಡಿದು ರಾಯಬಾಗದ ಮನೆಗೆ ಬಂದೆ.

ಮೂರನೆಯ ಇಯತ್ತೆಗೆ ಈ ವಾರದ ಹೋಮ್‌ವರ್ಕ್ ಕೊಟ್ಟೆ. ಮನೆಯಲ್ಲಿ ಯಾವುದು ಹೆಚ್ಚು ಇದೆಯೋ ಅದನ್ನು ಎಣಿಸಬೇಕು. ಹತ್ತು ಆದಾಗಲೆಲ್ಲ ಒಂದು ಹುಣಸೆಬೀಜ ಪಕ್ಕಕ್ಕಿಡಬೇಕು, ಕೊನೆಗೆ ಬೀಜ ನೋಡಿ ಮೊತ್ತ ಬರೆಯಬೇಕು. ಹತ್ತರ ಸ್ಥಾನ, ನೂರರ ಸ್ಥಾನ ಎಂದು ಹಲಗೆಯ ಮೇಲೆ ಎಷ್ಟು ಬರೆದರೂ ಇವರ ತಲೆಗೆ ಹೋಗಿಲ್ಲ, ಕೈಗಾದರೂ ಹೋಗಲಿ. ಶನಿವಾರ ಕೊಡುವುದು, ಸೋಮವಾರ ನೋಡುವುದು. ಮನೆಯ ಹಿರಿಯರೊಬ್ಬರು ಮಗುವಿನ ಪಕ್ಕ ಕೂತು ಮಾಡಿಸಿ ಕೆಳಗೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. ಜೂನ್ ತಿಂಗಳಿಂದ ಇದು ನನ್ನ ಹಟ. ಚೆನ್ನಾಗಿ ಮಾಡಿದವರ ಎದೆಗೆ ಕೆಂಪು ಕಾಗದದ ನಕ್ಷತ್ರ, ವಾರವಿಡೀ.

ಸತ್ತೆವ್ವ ಕೈ ಎತ್ತಿದಳು. ಕುರಿಗಾರರ ಹುಡುಗಿ, ಲೆಕ್ಕದಲ್ಲಿ ಚುರುಕು. ಆದರೂ ಇನ್ನೂ ನಕ್ಷತ್ರ ಸಿಕ್ಕಿಲ್ಲ.

"ಬಾಯಾರ, ಜೀವ ಇದ್ದದ್ದ ಎಣಸಿದ್ರ ನಡೀತೈತೇನ್ರಿ?"

"ಯಾವದಾದ್ರೂ ನಡೀತೈತಿ."

"ಇಕೀ ತಲ್ಯಾನ ಹೇನ ಎಣಸ್ತಾಳ್ರಿ," ಎಂದಳು ಪಕ್ಕದ ಸಕ್ಕುಬಾಯಿ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ದಿನಚರಿಯನ್ನು ಕನ್ನಡದಲ್ಲಿ ಬರೆಯುವುದು ಇನ್ನೂ ನಿಧಾನ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತ ಕೈ ಇಂಗ್ಲಿಷಿಗೇ ಓಡುತ್ತದೆ. ಆದರೆ ಇಡೀ ದಿನ ಟೀಚರನ್ನು ಬಾಯಾರ ಎನ್ನುವ ಈ ಮಕ್ಕಳ ಮಾತು ಕೇಳಿ ಬಂದು ಇಂಗ್ಲಿಷಿನಲ್ಲಿ ಬರೆದರೆ ಅದು ಬೇರೆ ಯಾರೋ ಕಳೆದ ದಿನದಂತೆ ಕಾಣುತ್ತದೆ.

16 ಸೆಪ್ಟೆಂಬರ್, ಸೋಮವಾರ

ಹಾಜರಿ ಮೂವತ್ತು. ಈ ವರ್ಷದ ಅತ್ಯುತ್ತಮ ಸೋಮವಾರ ಎನ್ನಬಹುದಿತ್ತು. ಕೋಳಿ, ಸಗಣಿಯ ಕುಳ್ಳು, ಕಬ್ಬಿನ ಸಾಲು, ಜೋಳದ ತೆನೆ, ಎಲ್ಲವೂ ಲೆಕ್ಕವಾಗಿ ಬಂದವು. ಶಾಲೆಯ ಕಮಿಟಿಯ ಅಧ್ಯಕ್ಷರಾದ ಬಾಬಾಸಾಹೇಬರು ಮೊಮ್ಮಗಳು ಸಕ್ಕುಬಾಯಿಯ ಕೈ ಹಿಡಿದು ತಾವೇ ಬಂದರು. "ದ್ರಾಕ್ಷಿ ಹಚ್ಚಿ ಹತ್ತ ವರ್ಷ ಆತು ಬಾಯಾರ, ನನ್ನ ಬಳ್ಳಿ ನಾನ ಎಣಸಿದ್ದಿಲ್ಲ. ನಿಮ್ಮ ಹೋಮವರ್ಕ ನನ್ನ ಸೊಂಟ ಮುರೀತ ನೋಡ್ರಿ," ಎಂದರು. ಅವರ ಮುಖದಲ್ಲಿದ್ದ ಸಂತೋಷ ಮೊಮ್ಮಗಳಿಗಿಂತ ಹೆಚ್ಚಿತ್ತು. ನಕ್ಷತ್ರ ಸಕ್ಕುಬಾಯಿಗೆ ಹೋಯಿತು.

ಸತ್ತೆವ್ವ ಬರಿಗೈಯಲ್ಲಿ ಬಂದಿದ್ದಳು. ಕಾಗದವಿಲ್ಲ, ಬೀಜವಿಲ್ಲ. ಯಾಕೆ ಎಂದರೆ ಉತ್ತರವೂ ಇಲ್ಲ. "ಕೇಳಿದಾಕೀನೂ ನೀನ, ಮಾಡದ ಬಂದಾಕೀನೂ ನೀನ," ಎಂದು ಗಂಟೆ ಹೊಡೆಯುವವರೆಗೆ ನಿಲ್ಲಿಸಿದೆ. ಶಿಕ್ಷೆ ಎನ್ನುವಷ್ಟು ದೊಡ್ಡದಲ್ಲ. ಅವಳು ಅಳಲಿಲ್ಲ. ಅತ್ತಿದ್ದರೆ ಕೂರಿಸುತ್ತಿದ್ದೆ ಎನಿಸುತ್ತದೆ.

19 ಸೆಪ್ಟೆಂಬರ್, ಗುರುವಾರ

ಹಾಜರಿ ಇಪ್ಪತ್ತೆಂಟು. ಸತ್ತೆವ್ವ ಮೂರು ದಿನದಿಂದ ಇಲ್ಲ. ನಿಲ್ಲಿಸಿದ್ದಕ್ಕೆ ಮುನಿಸಿಕೊಂಡಿರಬೇಕು.

20 ಸೆಪ್ಟೆಂಬರ್, ಶುಕ್ರವಾರ

ಮುನಿಸಲ್ಲ.

"ಅಕೀ ಕುರಿ ಎಣಸ್ಯಾಳ್ರಿ ಬಾಯಾರ," ಎಂದಳು ಸಕ್ಕುಬಾಯಿ, ಎದೆಯ ಮೇಲಿನ ನಕ್ಷತ್ರವನ್ನು ಬೆರಳಿನಿಂದ ಒತ್ತಿ ಹಿಡಿದು. "ಅದಕ್ಕ ಅವರ ಕುರಿ ಸಾಯಾಕತ್ತಾವ. ನಮ್ಮ ಆಳ ಹೇಳಿದ."

ತರಗತಿಯಲ್ಲಿ ಯಾರೂ ನಗಲಿಲ್ಲ. ಕುರಿ ಎಣಿಸಿದರೆ ಸಾಯುವುದಿಲ್ಲ, ರೋಗ ಬಂದರೆ ಸಾಯುತ್ತವೆ ಎಂದು ವಿವರಿಸಿದೆ. ಮಕ್ಕಳು ಕೇಳಿಸಿಕೊಂಡರು. ಹಿಂದಿನ ಸಾಲಿನ ಕುರಿಗಾರರ ಮಕ್ಕಳು ತಲೆ ಎತ್ತಲಿಲ್ಲ.

ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಕೇಳಿಕೊಂಡೆ. ಮೂಢನಂಬಿಕೆಯ ಮೇಲೆ ಎಂದುಕೊಂಡೆ. ಅದು ಪೂರ್ತಿ ನಿಜವಲ್ಲ.

21 ಸೆಪ್ಟೆಂಬರ್, ಶನಿವಾರ

ಹಾಜರಿ ಇಪ್ಪತ್ತಾರು. ಹೋಮ್‌ವರ್ಕ್ ಕೊಡಲಿಲ್ಲ. ಶಾಲೆ ಬಿಟ್ಟ ಮೇಲೆ ಕುರಿಗಾರರ ದಡ್ಡಿಗೆ ಹೋದೆ.

ಊರಾಚೆ, ಕಬ್ಬಿನ ಹೊಲ ಮುಗಿದು ಕಲ್ಲುನೆಲ ಶುರುವಾಗುವಲ್ಲಿ ಮುಳ್ಳಿನ ಬೇಲಿ. ಅದರೊಳಗೆ ಕುರಿ, ಹೊರಗೆ ಎರಡು ಗುಡಿಸಲು. ಸತ್ತೆವ್ವನ ಅಪ್ಪ ಮಾಳಸಿದ್ದ ಸತ್ತ ಮರಿಯೊಂದನ್ನು ಕಂಬಳಿಯಲ್ಲಿ ಸುತ್ತುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಕೈ ಹಿಂದಕ್ಕೆ ಸರಿಸಿಕೊಂಡ. ಅವನ ತಾಯಿ ಕೆಂಪವ್ವ ಕಲ್ಲಿನ ಮೇಲೆ ಗೋಣಿಚೀಲ ಹಾಸಿದಳು.

"ಕುಂದರ್ರಿ ಬಾಯಾರ. ಚಾ ಕುಡೀರಿ. ನಿಮ್ಮ ಮ್ಯಾಲ ನಮಗೇನ ಸಿಟ್ಟಿಲ್ಲ. ನೀವು ಹೊರಗಿನಾವ್ರ, ನಿಮಗ ಗೊತ್ತಿಲ್ಲ. ಇಕೀಗೆ ಗೊತ್ತೈತಿ."

ನಡೆದದ್ದು ಇಷ್ಟು. ಭಾನುವಾರ ಸಂಜೆ ಕುರಿ ದಡ್ಡಿಗೆ ತಿರುಗಿದಾಗ ಸತ್ತೆವ್ವ ಬೇಲಿಯ ಬಾಗಿಲಲ್ಲಿ ನಿಂತು, ನಾನು ಹೇಳಿಕೊಟ್ಟಂತೆ ಹತ್ತಕ್ಕೊಂದು ಹುಣಸೆಬೀಜ ಇಟ್ಟು, ಒಂದೊಂದನ್ನೂ ಬಾಯಿಬಿಟ್ಟು ಎಣಿಸಿದಳು. ಅಜ್ಜಿಗೆ ಕೊನೆಯ ಸಂಖ್ಯೆ ಕೇಳಿಸಿತು. ಕಾಗದವನ್ನು ಒಲೆಗೆ ಹಾಕಿದರು. ಅಷ್ಟರಲ್ಲಿ ಮಾತು ಬಾಯಿಂದ ಹೊರಬಿದ್ದಿತ್ತು. ಮಂಗಳವಾರ ಬೆಳಗಿನಿಂದ ಮರಿಗಳು ಬೀಳತೊಡಗಿದವು.

"ಹಿಂಡ ಎಣಸಬಾರದ್ರಿ," ಎಂದಳು ಕೆಂಪವ್ವ, ಮಗುವಿಗೆ ಹೇಳಿದಂತೆ. "ಎಣಸಿದ್ದ ಅಲ್ಲಿಗೇ ನಿಂದರತೈತಿ. ಇನ್ನ ಹೆಚ್ಚಾಗಂಗಿಲ್ಲ, ಕಡಿಮಿ ಆಗೂದ ಒಂದ ದಾರಿ. ನಮ್ಮ ಮಾವ ಎಣಸಲಿಲ್ಲ, ನನ್ನ ಗಂಡ ಎಣಸಲಿಲ್ಲ."

"ಇದು ರೋಗ, ಆಯಿ. ನಾನು ಡಾಕ್ಟರನ್ನ ಕರಕೊಂಡ ಬರತೀನಿ."

"ಕರಕೊಂಡ ಬರ್ರಿ. ಬ್ಯಾಡ ಅಂದಾವ್ರ ಯಾರು?"

ಸತ್ತೆವ್ವ ಗುಡಿಸಲಿನ ಹಿಂದೆ ಇದ್ದಳಂತೆ. ಹೊರಗೆ ಬರಲಿಲ್ಲ. ಅವಳನ್ನು ಬೇಲಿಯೊಳಗೆ ಬಿಡುತ್ತಿಲ್ಲ. ಅಮಾವಾಸ್ಯೆ ಮುಗಿದ ಮರುದಿನ ಮುಗಳಖೋಡದಿಂದ ಸೋದರಮಾವ ಬಂದು ಕರೆದೊಯ್ಯುತ್ತಾನೆ.

"ಅಲ್ಲಿ ಶಾಲೆಗೆ ಹೋಗ್ತಾಳಲ್ಲ?" ಎಂದು ಕೇಳಿದೆ.

ಮಾಳಸಿದ್ದ ಕಂಬಳಿಯ ಗಂಟು ಬಿಗಿದ. "ಕಬ್ಬ ಕಡಿಯೂ ಮನಿ ಅದು, ಬಾಯಾರ," ಎಂದ.

24 ಸೆಪ್ಟೆಂಬರ್, ಮಂಗಳವಾರ

ದನದ ದವಾಖಾನೆಯ ಡಾಕ್ಟರನ್ನು ಒಪ್ಪಿಸಿ ಅವರ ಮೋಟರ್‌ಸೈಕಲ್ಲಿನ ಹಿಂದೆ ಕೂತು ಹೋದೆ. ಶಾಲೆಗೆ ಅರ್ಧ ದಿನ ರಜೆ ಹಾಕಿದೆ.

ಡಾಕ್ಟರು ಸತ್ತ ಮರಿಯ ಹೊಟ್ಟೆ ಕೊಯ್ದು ನೋಡಿ, ಕರುಳುಬೇನೆ ಎಂದರು. "ಮಳಿ ಆದ ಮ್ಯಾಲ ಎಳೀ ಹುಲ್ಲ ಹೊಟ್ಟಿ ಬಿರಿಯೂ ಹಂಗ ಮೇದಾವ. ಒಳಗ ವಿಷ ಆಗೇತಿ. ಉಳದಾವಕ್ಕ ಲಸಿ ಹಾಕೂಣು. ಅದು ಹತ್ತಾಕ ಹದಿನೈದ ದಿನ ಬೇಕ, ಅಲ್ಲೀತನ ಒಂದೆರಡ ಹೋಗಬಹುದು." ನಂತರ ಚೀಲ ಬಿಚ್ಚುತ್ತ, "ಒಟ್ಟ ಎಷ್ಟ ಅದಾವ?" ಎಂದರು.

ಮಾಳಸಿದ್ದ ತಾಯಿಯ ಕಡೆ ನೋಡಿದ.

"ಲಸಿ ತಗೀಬೇಕಲ್ಲೋ ಮಾರಾಯಾ, ಎಷ್ಟ ಹೇಳು!"

"ಬುಡ್ಡಿ ತೋರಸ್ರಿ ಸಾಹೇಬ್ರ," ಎಂದ ಮಾಳಸಿದ್ದ. ಸೀಸೆಯನ್ನು ನೋಡಿ, ಹಿಂಡನ್ನು ನೋಡಿ, "ಇಂಥಾವು ಎರಡ ಹತ್ತತಾವು. ಸ್ವಲ್ಪ ಉಳೀತೈತಿ," ಎಂದ. ಡಾಕ್ಟರು ನನ್ನ ಕಡೆ ನೋಡಿ ಹುಬ್ಬೇರಿಸಿದರು. ನಾನು ನೆಲ ನೋಡಿದೆ. ಲಸಿಕೆ ಹಾಕಿ ಮುಗಿದಾಗ ಸ್ವಲ್ಪ ಉಳಿಯಿತು.

ನನಗೆ ಗೆದ್ದೆ ಎನಿಸಿತು. "ಕೇಳಿದ್ರಲ್ಲ ಆಯಿ, ಹುಲ್ಲಿನಿಂದ ಬಂದದ್ದು. ಸತ್ತೆವ್ವನ ತಪ್ಪೇನಿಲ್ಲ," ಎಂದೆ.

"ಕೇಳಿದೆ. ಕುರಿ ಹೆಂಗ ಸತ್ತೂವು ಅಂತ ಡಾಕ್ಟರ ಹೇಳಿದ್ರು," ಎಂದಳು ಕೆಂಪವ್ವ. "ಆ ಹುಲ್ಲ ಎಲ್ಲಾರ ಕುರೀನೂ ಮೇದಾವ. ನಮ್ಮ ದಡ್ಡಿಗೇ ಯಾಕ ಬಂತು ಅಂತ ಹೇಳಿದ್ರೇನು?"

ಬಸ್ಸಿನಲ್ಲಿ ಬರುವಾಗ ಉತ್ತರ ಹುಡುಕಿದೆ. ಕಾರಣಗಳಿವೆ. ಹೊಲದ ಮೇವು, ಹೊತ್ತು, ಅದೃಷ್ಟ. ಅದೃಷ್ಟ ಎಂಬ ಪದಕ್ಕೆ ಬಂದು ನಿಂತೆ.

27 ಸೆಪ್ಟೆಂಬರ್, ಶುಕ್ರವಾರ

ಕುರಿಗಾರರ ಮಕ್ಕಳು ಯಾರೂ ಬರುತ್ತಿಲ್ಲ. ಹಿಂದಿನ ಸಾಲು ಖಾಲಿ.

30 ಸೆಪ್ಟೆಂಬರ್, ಸೋಮವಾರ

ಇವತ್ತು ಸತ್ತೆವ್ವ ಸಿಕ್ಕಳು. ಬೇಲಿಯಿಂದ ದೂರ, ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು, ದಡ್ಡಿಗೆ ಬೆನ್ನು ಮಾಡಿ ಕೂತಿದ್ದಳು. ಹತ್ತಿರ ಹೋಗಿ ಕೂತೆ. ಕೆನ್ನೆ ಇಳಿದಿದೆ. ತಂಗಳು ರೊಟ್ಟಿ ಬಟ್ಟೆಯಲ್ಲಿ ಹಾಗೇ ಇತ್ತು.

ಡಾಕ್ಟರು ಹೇಳಿದ್ದನ್ನು ಅವಳಿಗೂ ಹೇಳಿದೆ. ಹುಲ್ಲು, ವಿಷ, ಲಸಿಕೆ. ಪಾಠ ಕೇಳಿದಂತೆ ಕೇಳಿದಳು. ಮುಗಿದ ಮೇಲೆ, "ನಾ ಎಣಸಬಾರದಿತ್ರಿ," ಎಂದಳು.

"ಯಾಕ ಹಿಂಗ ಆ ಕಡೆ ಮಾರಿ ಮಾಡಿ ಕುಂತಿ?"

"ಮರಿ ನನ್ನ ನೋಡಿ ಒದರತಾವ್ರಿ. ಹೊಳ್ಳಿ ನೋಡಿದ್ರ ಲೆಕ್ಕ ತಾನಾಗೇ ಆಗತೈತಿ. ಒಂದ, ಎರಡ, ಮೂರ ಅಂತ. ಬ್ಯಾಡಂದ್ರೂ ನಿಂದರವಲ್ದು. ಕಣ್ಣ ಮುಚ್ಚಿದ್ರೂ ಒದರೂದ್ರ ಮ್ಯಾಲ ಎಣಸತೀನ್ರಿ." ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ನೀವ ಕಲಿಸಿದ್ದನ್ನ ಮರೀಯೂದ ಹೆಂಗಂತ ಹೇಳ್ರಿ, ಬಾಯಾರ."

ಎದ್ದೆ. ಕೆಂಪವ್ವನ ಬಳಿ ಹೋಗಿ, ಏನು ಮಾಡಿದರೆ ಈ ಹುಡುಗಿ ಬಿಡುಗಡೆಯಾಗುತ್ತಾಳೆ ಎಂದು ಕೇಳಿದೆ. ಇದನ್ನು ಮೊದಲ ದಿನವೇ ಕೇಳಬಹುದಿತ್ತು.

"ಲೆಕ್ಕ ಅಕೀ ಬಾಯಿಂದ ಬಂದೈತಿ, ಅಕೀ ಕೊಳ್ಳಾಗ ಕುಂತೈತಿ. ಯಾರರ ತಗೋಬೇಕು."

"ಯಾರು?"

"ಎಣಸ್ ಅಂದಾವ್ರು." ಅವಳು ಎಲೆಯಡಿಕೆ ಉಗುಳಿ ಬಾಯಿ ಒರೆಸಿಕೊಂಡಳು. "ಅಮಾಸಿ ದಿನ, ಬೀರಪ್ಪನ ಪೂಜಿ ಆದ ಮ್ಯಾಲ, ಅಕೀ ನಿಮ್ಮ ಕಿವ್ಯಾಗ ಹೇಳಬೇಕ, ನೀವು ತಗೊಂಡೆ ಅನಬೇಕ. ಆಮ್ಯಾಲ ನೀವು ಬಾಯಿಂದ ಆಡಬಾರದು, ಎಲ್ಲೂ ಬರೀಬಾರದು. ಆದರ ಖಾಲಿ ಮನಿಗೆ ಲೆಕ್ಕ ಹೋಗಂಗಿಲ್ರಿ, ತಿರಿಗಿ ಬರತೈತಿ. ಅದಕ್ಕ ಕುಂದರಾಕ ಜೀವ ಬೇಕು. ನಿಮ್ಮ ಮನ್ಯಾಗ ಜೀವ ಅದಾವಲ್ಲ?"

"ಮಗ ಇದ್ದಾನ. ಒಬ್ಬ..."

"ಹಾಂ ಹಾಂ! ಎಷ್ಟಂತ ಹೇಳಬ್ಯಾಡ್ರಿ ಅಂದ್ರ!" ಎಂದು ನನ್ನ ಬಾಯಿಗೇ ಕೈ ಅಡ್ಡ ಹಿಡಿದಳು. ಮಾಳಸಿದ್ದ ನಕ್ಕುಬಿಟ್ಟ. ಹತ್ತು ದಿನದಲ್ಲಿ ಅಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲಿರಬೇಕು.

ನಾನು ನಗಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಯೋಚಿಸುವುದಕ್ಕೆ ಏನಿದೆ? ಕೊಲ್ಲಾಪುರದ ಹಾಸ್ಟೆಲ್ಲಿನಲ್ಲಿ ಓದುತ್ತಿರುವ ಹದಿನೇಳು ವರ್ಷದ ಹುಡುಗನಿಗೂ ಈ ದಡ್ಡಿಗೂ ಏನು ಸಂಬಂಧ?

2 ಅಕ್ಟೋಬರ್, ಬುಧವಾರ

ಗಾಂಧಿ ಜಯಂತಿ. ಸಕ್ಕರೆ ಹಂಚುವಾಗ ಬಾಬಾಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. ಊರಲ್ಲಿ ಮಾತು ಹಬ್ಬಿದೆ.

"ದಡ್ಡಿಗೆ ಹೋಗಿ ಭಂಡಾರ ಹಚಗೊಂಡ ಬರತೀರಂತ, ಖರೇ ಏನ್ರಿ?"

"ಇನ್ನೂ ತೀರ್ಮಾನ ಮಾಡಿಲ್ಲ."

"ಬಾಯಾರ, ನೀವು ಶಾಣ್ಯಾರು. ಇವತ್ತ ಕುರಿ ಎಣಸಿದ್ರ ಸಾಯತಾವ ಅಂದ್ರು, ನೀವು ಹೌದ ಅಂದ್ರಿ. ನಾಳೆ ಇನ್ನೊಬ್ಬಾಂವ ಹುಡುಗಿ ಪಾಟಿ ಹಿಡದ್ರ ಮಳಿ ಬರಂಗಿಲ್ಲ ಅಂತಾನ. ಆಗ ಪಾಟಿ ಒಡೀತೀರೇನ್?"

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಒಂದು ತಿಂಗಳ ಹಿಂದೆ ನಾನೇ ಹೀಗೆ ಹೇಳುತ್ತಿದ್ದೆ, ಇಷ್ಟು ಚೆನ್ನಾಗಿ ಅಲ್ಲ. "ಹುಡುಗಿ ಕಿವಿ ಮುಚ್ಚಿಕೊಂಡು ಕೂತಿದ್ದಾಳೆ, ಸಾಹೇಬ್ರ," ಎಂದೆ. ಅದು ಅವರ ಮಾತಿಗೆ ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

5 ಅಕ್ಟೋಬರ್, ಶನಿವಾರ

ಜಿನ್ನಪ್ಪ ಅವರಿಗೆ ಎಲ್ಲ ಹೇಳಿದೆ. ಸಕ್ಕರೆ ಕಾರ್ಖಾನೆಯಲ್ಲಿ ರಸದ ಪರೀಕ್ಷೆ ಮಾಡುವ ನನ್ನ ಗಂಡ ಎಲ್ಲವನ್ನೂ ಎರಡು ಪಾತ್ರೆಗೆ ಹಾಕಿ ನೋಡುವವರು. "ನಂಬಿಕಿ ಇಲ್ಲಾಂದ್ರ ಹೋಗಿ ತಗೊಂಡ ಬಾ, ಏನೂ ಆಗಂಗಿಲ್ಲ. ನಂಬಿಕಿ ಇದ್ರ ಹೋಗಬ್ಯಾಡ. ಇದರಾಗ ಮೂರನೇದ ಏನೈತಿ?"

"ನಂಬಿಕೆ ಇಲ್ಲ. ಆದರೂ ಕಾಲು ಏಳುತ್ತಿಲ್ಲ."

ಅವರು ಪೇಪರು ಮಡಚಿದರು. "ಹೋಗೂದಿದ್ರ ನನಗ ಹೇಳಬ್ಯಾಡ," ಎಂದರು.

ಹಾಗಾದರೆ ಮೂರನೆಯದು ಇದೆ.

ಆ ಹೊರೆ ಸುಳ್ಳು ಎಂದು ನಾನು ನಂಬಿದ್ದರೆ ಅದನ್ನು ಹೊರಲು ನನಗೇಕೆ ಭಯ? ಭಯವಿದೆ ಎಂದಾದರೆ, ಒಂಬತ್ತು ವರ್ಷದ ಮಗು ಅದನ್ನು ಹೊತ್ತು ಕೂತಿರುವುದನ್ನು ನೋಡಿಯೂ ಮೂಢನಂಬಿಕೆ ಎಂದು ಪಾಠ ಹೇಳಿ ಬರಲು ನನಗೆ ಹೇಗೆ ಮನಸ್ಸಾಯಿತು? ಹೋದರೆ, ನಿನ್ನ ಎಣಿಕೆಯೇ ಕೊಂದದ್ದು ಎಂದು ಅವಳಿಗೆ ಒಪ್ಪಿ ಹೇಳಿದಂತಾಗುತ್ತದೆ. ಹೋಗದಿದ್ದರೆ ಅವಳು ಮಂಗಳವಾರ ಮುಗಳಖೋಡಕ್ಕೆ ಹೋಗುತ್ತಾಳೆ, ಲೆಕ್ಕವೂ ಜೊತೆಗೆ ಹೋಗುತ್ತದೆ. ಎರಡೂ ತಪ್ಪು. ಒಂದು ತಪ್ಪನ್ನು ಮುಂದೆ ಎಂದಾದರೂ ತಿದ್ದಬಹುದು, ಹುಡುಗಿ ಶಾಲೆಯಲ್ಲಿ ಇದ್ದರೆ.

7 ಅಕ್ಟೋಬರ್, ಸೋಮವಾರ, ಅಮಾವಾಸ್ಯೆ

ಹೋದೆ. ಮನೆಯಲ್ಲಿ ಹೇಳಲಿಲ್ಲ.

ಕುರಿಗಾರರ ಮನೆಯವರೆಲ್ಲ ಬಂದಿದ್ದರು. ಶಾಲೆಗೆ ಬರದ ನನ್ನ ಮಕ್ಕಳು ಅಲ್ಲಿ ತಾಯಂದಿರ ಸೆರಗಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು. ಬೀರಪ್ಪನ ಕಲ್ಲಿಗೆ ಹಾಲೆರೆದು ಮುಗಿದ ಮೇಲೆ ಕೆಂಪವ್ವ ನನ್ನ ಹಣೆಗೆ ಭಂಡಾರ ಒತ್ತಿದಳು. ಅಂಗೈ ತುಂಬ ಅರಿಸಿನ, ಮೂಗಿನೊಳಗೂ ಹೋಯಿತು. ಸತ್ತೆವ್ವನನ್ನು ಕರೆತಂದು ಎದುರು ನಿಲ್ಲಿಸಿ ಇಬ್ಬರ ತಲೆಯ ಮೇಲೂ ಕಂಬಳಿ ಹಾಕಿದರು.

ಒಳಗೆ ಕತ್ತಲು, ಉಣ್ಣೆಯ ವಾಸನೆ, ಅವಳ ಬಿಸಿ ಉಸಿರು. ಅವಳು ಹೇಳಲಿಲ್ಲ. ಹೊರಗೆ ಯಾರೋ ಕೆಮ್ಮಿದರು.

"ಹೇಳವ್ವಾ," ಎಂದೆ.

"ಬ್ಯಾಡ್ರಿ ಬಾಯಾರ." ಅಳುತ್ತಿದ್ದಳು. "ನಿಮ್ಮ ಮಗಗ ಏನರ ಆದ್ರ?"

ಇದನ್ನು ನಾನು ಎಣಿಸಿರಲಿಲ್ಲ. ಒಂದು ಕ್ಷಣ, ಸರಿ ಬೇಡ ಬಿಡು ಎಂದು ಕಂಬಳಿ ಸರಿಸಿ ಹೊರಗೆ ಬಂದುಬಿಡಬಹುದಿತ್ತು. ಮಗುವೇ ಬಾಗಿಲು ತೆರೆದು ಕೊಟ್ಟಿತ್ತು. ಆ ಕ್ಷಣ ಎಷ್ಟು ಉದ್ದವಾಗಿತ್ತು ಎಂದು ನನಗೆ ಮಾತ್ರ ಗೊತ್ತು.

"ಅವನಿಗೆ ನಾನಿದ್ದೇನೆ," ಎಂದೆ. "ನೀ ಹೇಳು."

ಹೇಳಿದಳು.

"ತಗೊಂಡೆ," ಎಂದೆ, ಎಲ್ಲರಿಗೂ ಕೇಳುವಂತೆ.

ಕಂಬಳಿ ತೆಗೆದಾಗ ಬೆಳಕಿಗೆ ಕಣ್ಣು ಬಿಡಲಾಗಲಿಲ್ಲ. ಕೆಂಪವ್ವ ಮೊಮ್ಮಗಳ ಬೆನ್ನಿಗೆ ಕೈ ಹಾಕಿ ಬೇಲಿಯ ಬಾಗಿಲೊಳಗೆ ನೂಕಿದಳು. ಸತ್ತೆವ್ವ ಕುರಿಗಳ ನಡುವೆ ಸೊಂಟದವರೆಗೆ ಮುಳುಗಿ ನಿಂತಳು. ಮೊದಲು ಕಣ್ಣು ಮುಚ್ಚಿಕೊಂಡೇ ಇದ್ದಳು. ಆಮೇಲೆ ಒಂದು ಮರಿ ಅವಳ ಬೆರಳು ಚೀಪತೊಡಗಿತು.

8 ಅಕ್ಟೋಬರ್, ಮಂಗಳವಾರ

ಸೋದರಮಾವ ಬಂದು, ಚಹಾ ಕುಡಿದು, ಒಬ್ಬನೇ ಹೋದನಂತೆ. ಹಿಂದಿನ ಸಾಲಿನವರೆಲ್ಲ ಬಂದರು. ಸತ್ತೆವ್ವ ಸಕ್ಕುಬಾಯಿಯ ಜಡೆ ಜಗ್ಗಿದ್ದಕ್ಕೆ ಗದರಿದೆ.

ಬಾಬಾಸಾಹೇಬರು ಬಾಗಿಲಲ್ಲಿ ನಿಂತು ತುಂಬಿದ ತರಗತಿಯನ್ನು ನೋಡಿದರು. "ಇನ್ನ ಲೆಕ್ಕ ಕಲಿಸೂದ ಹೆಂಗ್ರಿ, ಬಾಯಾರ?" ಎಂದರು. ಉತ್ತರಕ್ಕೆ ಕಾಯಲಿಲ್ಲ.

ಕಲಿಸಿದೆ. ಹುಣಸೆಬೀಜಗಳನ್ನೇ ಎಣಿಸಿದೆವು.

10 ಅಕ್ಟೋಬರ್, ಗುರುವಾರ

ಬೆಳಿಗ್ಗೆ ಸತ್ತೆವ್ವ ಮೇಜಿನ ಬಳಿ ಬಂದು, "ಬಾಯಾರ, ನಿನ್ನೆ ಮತ್ತೊಂದ ಮರಿ ಹೋತ್ರಿ," ಎಂದಳು. ಮುಖದಲ್ಲಿ ದುಃಖವಿತ್ತು, ಹೆದರಿಕೆ ಇರಲಿಲ್ಲ. "ನಾ ಅತ್ತೆ. ಆಯಿ ಅಂದ್ಲು, ಅಳಬ್ಯಾಡ, ಅದು ನಿಂದಲ್ಲ, ಬಾಯಾರದು ಅಂತ."

"ಹೌದು," ಎಂದೆ. "ನೀ ಹೋಗಿ ಕೂಡು."

ಲಸಿಕೆ ಹಿಡಿಯಲು ಹದಿನೈದು ದಿನ ಬೇಕೆಂದು ಡಾಕ್ಟರು ಹೇಳಿದ್ದರು. ಇನ್ನೊಂದೆರಡು ಹೋಗಬಹುದು ಎಂದೂ ಹೇಳಿದ್ದರು. ಮಧ್ಯಾಹ್ನ ಅಂಚೆ ಕಚೇರಿಗೆ ಹೋಗಿ ಹಾಸ್ಟೆಲ್ಲಿಗೆ ಟ್ರಂಕ್ ಕಾಲ್ ಹಚ್ಚಿದೆ. ಲೈನ್ ಸಿಗಲಿಲ್ಲ. ಹಾಜರಿ ಪುಸ್ತಕದಲ್ಲಿ ಈ ವಾರ ಹೆಸರುಗಳ ಮುಂದೆ ಗುರುತು ಹಾಕಿದ್ದೇನೆ, ಕೆಳಗೆ ಮೊತ್ತ ಬರೆಯುವುದು ಮರೆತುಹೋಗಿದೆ. ತುಂಬಬೇಕು.

12 ಅಕ್ಟೋಬರ್, ಶನಿವಾರ

ದಸರೆಯ ರಜೆಗೆ ಮುಂಚಿನ ಕೊನೆಯ ದಿನ. ಹೋಮ್‌ವರ್ಕ್ ಕೊಟ್ಟೆ. ಮನೆಯ ಹಿರಿಯರನ್ನು ಕೇಳಿ, ನಿಮ್ಮ ಮನೆಯಲ್ಲಿ ಮಾಡಬಾರದು ಎಂದು ಇರುವ ಒಂದು ಸಂಗತಿಯನ್ನು ತಿಳಿದು ಬನ್ನಿ. "ಹೇಳಬಾರದಂಥಾದ್ದಿದ್ರ?" ಎಂದಳು ಸತ್ತೆವ್ವ. ಹೇಳಬಾರದು ಎಂದಷ್ಟೇ ಬರೆದು ತಾ ಎಂದೆ. ದಸರೆ ಆದ ಮೇಲೆ ಹಿಂಡು ಕೃಷ್ಣೆ ದಾಟಿ ಹೋಗುತ್ತದೆ. ಅವಳು ಅಜ್ಜಿಯ ಜೊತೆ ಊರಲ್ಲೇ ಇರುತ್ತಾಳೆ, ಶಾಲೆಗೆ ಬರುತ್ತಾಳೆ. ಮಾಳಸಿದ್ದ ತಾನಾಗಿ ಬಂದು ಹೇಳಿದ.

ಮಗ ಧನ್ಯಕುಮಾರ ಕೊಲ್ಲಾಪುರದಿಂದ ಸಂಜೆಯ ಬಸ್ಸಿಗೆ ಬರಬೇಕಿತ್ತು. ಬಂದಿಲ್ಲ. ದಸರೆಯ ಗದ್ದಲ, ಬಸ್ಸು ತಡವಾಗುವುದು ಸಹಜ. ಜಿನ್ನಪ್ಪ ಸ್ಟ್ಯಾಂಡಿಗೆ ಹೋಗಿದ್ದಾರೆ. ಹೊರಡುವಾಗ ನನ್ನ ಮುಖ ನೋಡಿದರು. ಅಡಿಗೆ ಮುಗಿದಿದೆ. ಕೆಲಸವಿಲ್ಲದೆ ಇದನ್ನು ಬರೆಯುತ್ತಾ ಕೂತಿದ್ದೇನೆ.

ಸತ್ತೆವ್ವ ನನ್ನ ಕಿವಿಯಲ್ಲಿ ಹೇಳಿದ ಸಂಖ್ಯೆ ನನಗೆ ನೆನಪಿದೆ. ನಾನು ಓದಿದವಳು. ಅದನ್ನು ಈ ಪುಟದಲ್ಲಿ ಬರೆದರೆ ಏನೂ ಆಗುವುದಿಲ್ಲ.

ಬರೆಯುವುದಿಲ್ಲ.